ಉಮ್ ಸಿದ್ರದ ಬೋರ್ಡು

ಊರ ಬಾಗಿಲಿನ ಬೋರ್ಡು ಬರೆಯಲು
ಬಲದಿಯಾದವರು ನನ್ನನ್ನು ಕರೆಸಿದರು.
ಹೆಸರು ಸುಲಭ. ಉಮ್ ಸಿದ್ರ, ಎಲಚಿ ಮರದ ತಾಯಿ.
ಕೆಳಗೆ ಊರು ಹುಟ್ಟಿದ ವರ್ಷವೂ ಬೇಕಂತೆ.
ಯಾರನ್ನು ಕೇಳಲಿ?

ಖಲ್ಫಾನ್ ಮುದುಕ, ಬಿಸಿಲಲ್ಲಿ ಕೋಲು ನೆಟ್ಟು
ನೆರಳನ್ನು ಗೇಣಿನಲ್ಲಿ ಅಳೆದು
ತೋಟ ತೋಟಕ್ಕೆ ನೀರು ಹಂಚುವವನು, ಅಂದ:
'ಅಜ್ಜನ ಒಂಟೆ ಇಲ್ಲಿ ಮಂಡಿಯೂರಿತು.
ಹೊಡೆದರೂ ಏಳಲಿಲ್ಲ, ಬೈದರೂ ಏಳಲಿಲ್ಲ.
ಒಂಟೆಗಿಂತ ಹಟಮಾರಿ ಅಜ್ಜ; ಅವನೂ ಕೂತ.
ಆ ಎರಡು ಹಟಗಳ ಸಂತಾನ ನಾವು.'

'ಸುಳ್ಳು!' ಗೋಡೆಯಾಚೆಯಿಂದ ಶಂಸಾ.
'ಒಂಟೆಗೆ ಮೊದಲೇ ಬಾವಿಯಿತ್ತು.
ತೋಡಿದವಳು ನನ್ನ ಮುತ್ತಜ್ಜಿ,
ಗಂಡನೊಡನೆ ಜಗಳವಾಡಿ
ಎರಡು ಆಡು, ಕಂಕುಳಲ್ಲೊಂದು ಕೂಸು ಹಿಡಿದು ಬಂದವಳು.
ನಿನ್ನಜ್ಜ ನೀರು ಕೇಳಿದ. ಕೊಟ್ಟಳು.
ಅಲ್ಲೇ ಎಡವಟ್ಟಾಯಿತು.'

ಇದು ಹೀಗೆಯೇ ಇರುವ ಊರು.
ಒಂದು ವೃತ್ತ, ನಡುವೆ ಸಿಮೆಂಟಿನ ಕಾಫಿ ಹೂಜಿ,
ಅದರ ಮೂತಿಯಲ್ಲಿ ಗುಬ್ಬಿ ಸಂಸಾರ.
ಹಾರ್ನ್ ಹೊಡೆದರೆ ಕುಂಞಾಲಿಯ ಚಹಾ
ಕಾರಿನ ಕಿಟಕಿಗೇ ಬರುತ್ತದೆ.
ಸಾಲ ಕೇಳಿದರೆ ಖರ್ಜೂರ ಕೊಡುತ್ತಾರೆ, ಸಾಲದ ಮಾತು ಎತ್ತುವುದಿಲ್ಲ.
ಮದುವೆಗೆ ತಡವಾಗಿ ಹೋಗುತ್ತಾರೆ.
ಸಾವಿನ ಮನೆಗೆ, ಎಲ್ಲರಿಗಿಂತ ಮೊದಲು.
ಚಿತ್ತಗಾಂಗಿನ ಕ್ಷೌರಿಕ ಸತ್ತಾಗ
ಮೂರು ದಿನ ಯಾರೂ ಗಡ್ಡ ತೆಗೆಸಲಿಲ್ಲ.
ತೆಗೆಯುವವರೂ ಇರಲಿಲ್ಲ ಅನ್ನಿ.

ಮೂರನೇ ಸುತ್ತಿನ ಕಾಫಿಗೆ ನಾನೂ ಬಾಯಿ ಹಾಕಿದೆ.
'ಗಂಗೊಳ್ಳಿಯಲ್ಲಿ ದೋಣಿಗಳಿಗೆ ಹೆಸರು ಬರೆದ ಕೈಯಿದು.
ಮರ ಕಡಿದ ದಿನ, ಹಲಗೆ ಹೊಲಿದ ದಿನ
ನಮ್ಮಲ್ಲಿ ಲೆಕ್ಕಕ್ಕಿಲ್ಲ.
ನೀರು ಮುಟ್ಟಿದ ದಿನವೇ ದೋಣಿಯ ಹುಟ್ಟು.'

ಶಂಸಾ ನಕ್ಕಳು, ಗೋಡೆಗೆ ಕೇಳುವಷ್ಟು.
ಖಲ್ಫಾನ್ ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟ, ಇನ್ನು ಸಾಕೆಂದು.
ಆಕಾಶ ನೋಡಿದ.
'ಆ ನಕ್ಷತ್ರ ಗುಡ್ಡ ದಾಟಿತು, ಸಾಲಿಹನ ಪಾಲಿನ ಹೊತ್ತು'
ಎನ್ನುತ್ತ ಕಾಲುವೆಯ ಕಲ್ಲು ಸರಿಸಲು ಎದ್ದ,
ಚಪ್ಪಲಿ ಮರೆತು.
ಕತ್ತಲಲ್ಲಿ ನೀರು ದಿಕ್ಕು ಬದಲಿಸಿದ ಸದ್ದು
ನಮಗಿಬ್ಬರಿಗೂ ಕೇಳಿತು.

ಬೋರ್ಡಿನಲ್ಲಿ ನಾಲ್ಕು ಅಂಕಿಗಳಷ್ಟು ಜಾಗ
ಖಾಲಿ ಬಿಟ್ಟಿದ್ದೇನೆ.
ದಾರಿಹೋಕರು ಬಣ್ಣ ಕಿತ್ತುಹೋಗಿದೆ ಅಂದುಕೊಳ್ಳುತ್ತಾರೆ.
ಬಲದಿಯಾದವರು ಕೇಳಿದಾಗ
ವಿಚಾರಣೆ ನಡೆಯುತ್ತಿದೆ ಅನ್ನುತ್ತೇನೆ.
ಅರ್ಧ ಕೂಲಿ ಇನ್ನೂ ಬರಬೇಕು.