ಬಾಣದ ತುದಿ ಮೇಲಕ್ಕೆ

ಹೊಂಡದ ಸರ್ಕಲ್ಲಿನ ಹಿಂದೆ ನನ್ನ ಅಂಗಡಿ:
ಒಂದು ಬೇವಿನ ಮರ, ಮೂರು ಡಬ್ಬಿ ಪೇಂಟು,
ಅಳಿಲುಗೂದಲಿನ ಎರಡು ಬ್ರಷ್ಷು.
ಮೂವತ್ತೆಂಟು ವರ್ಷ ಈ ದಾವಣಗೆರೆಯ
ಬೆನ್ನ ಮೇಲೆ ನಂಬರು ಬರೆದಿದ್ದೇನೆ,
ಲೂನಾಕ್ಕೆ, ಟೆಂಪೋಗೆ, ಕಾಟನ್‌ಮಿಲ್ಲಿನ ಲಾರಿಗೆ,
ಮದುಮಗನ ಅಂಬಾಸಿಡರಿಗೆ.
ಈಗ ಮಷಿನ್ನು ಒತ್ತಿದ ಪ್ಲೇಟು ಬರುತ್ತೆ,
ಉಬ್ಬಿದ ಅಕ್ಷರ, ಕಿತ್ತರೂ ಬಾರದ ಮೊಳೆ.
ನನಗೆ ಉಳಿದದ್ದು ಗೋಡೆಗಳು:
‘ಇಲ್ಲಿ ಉಚ್ಚೆ ಹೊಯ್ಯಬಾರದು.’

ಆಗ ಬಂತು ಜೋಂಗಾ.
ಬಂತು ಅನ್ನಬಾರದು, ಟ್ರ್ಯಾಕ್ಟರು ಎಳೆದು ತಂತು.
ಹಿಂದೆ ಆಟೋದಲ್ಲಿ ಕೊಟ್ರಮ್ಮ,
ಚಿಗಟೇರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು,
ಪಿಂಚಣಿಯ ಗಂಟು ಬಿಚ್ಚಿ
ಗುಜರಿಯಿಂದ ಅದನ್ನು ಬಿಡಿಸಿಕೊಂಡಿದ್ದರು.
ಕೈಯಲ್ಲೊಂದು ಫೋಟೋ:
ಬಂಪರಿಗೆ ಕಾಲು ಕೊಟ್ಟು ನಿಂತ ಅಣ್ಣ ಓಬಳೇಶ,
ಮೊಣಕಾಲ ಪಕ್ಕ ಬಾಣ, ಬಾಣದ ಪಕ್ಕ ನಂಬರು.
“ಇದನ್ನೇ ಬರೀರಿ ದಾದಾಪೀರ್,
ಆಗಸ್ಟ್ ಹದಿನೈದಕ್ಕೆ ಹೈಸ್ಕೂಲ್ ಮೈದಾನದಲ್ಲಿ
ಹಳೇ ಗಾಡಿಗಳ ಸಾಲಿಗೆ ನಿಲ್ಲಿಸ್ತೀನಿ.”

ಬರೆಯೋ ಮೊದಲು ಕೆರೆಯಬೇಕು. ಕೆರೆದೆ.
ಬಿಳಿ: ಬ್ಯಾಂಡ್‌ಸೆಟ್ಟಿನವರದು, ತುತ್ತೂರಿಯ ಬಾಯಿ ಇನ್ನೂ ತೆರೆದೇ ಇತ್ತು.
ಅದರಡಿ ನೀಲಿ: ಬೋರ್‌ವೆಲ್ ಕಂಪನಿ, ಐದಂಕಿಯ ಫೋನು.
ಅದರಡಿ ಹಳದಿ: ಯಾವುದೋ ಕಲ್ಲುಕ್ವಾರಿ,
‘ಅಪಾಯ’ದಲ್ಲಿ ‘ಪಾಯ’ ಮಾತ್ರ ಉಳಿದಿತ್ತು.
ಕೊನೆಗೆ, ಒಣಗಿದ ಬೇವಿನೆಲೆಯಂಥ ಹಸಿರು.
ಆ ಹಸಿರಲ್ಲಿ
ಬಾಣ.
ನನ್ನಂಥವನೇ ಯಾರೋ, ಜಬಲ್ಪುರದಲ್ಲೋ ಇನ್ನೆಲ್ಲೋ
ತಗಡಿನ ಅಚ್ಚಿಟ್ಟು ಬಳಿದದ್ದು;
ಎರಡರ ಬಾಲದ ಹತ್ತಿರ ಅಚ್ಚು ಜಾರಿದೆ.
ಎಪ್ಪತ್ತೊಂದು, ಬಿ, ನಾಲ್ಕು ಸೊನ್ನೆ ಎಂಟು ಎರಡು
ಆರು.
ಫೋಟೋದಲ್ಲಿ ಒಂಬತ್ತು.

ಕೊಟ್ರಮ್ಮ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
“ತಲೆಕೆಳಗಾದರೆ ಆರು ಒಂಬತ್ತೇ ಅಲ್ವಾ?
ಯಾರಾದ್ರೂ ತಿರುಗಿಸಿ ಕೂರಿಸಿರಬಹುದು.”
ನಾನು ಬಾಣ ತೋರಿಸಿದೆ.
ಯಾವ ಕಡೆ ಮೇಲು ಅಂತ ತಿಳಿಯಲಿಕ್ಕೇ
ಅದನ್ನ ಇಟ್ಟದ್ದು ಅಂತ ಮಿಲಿಟರಿಯವರೊಬ್ಬರು
ಹಿಂದೊಮ್ಮೆ ಹೇಳಿದ್ದರು, ನಿಜವೋ ಸುಳ್ಳೋ.
ಬಾಣ ಆಕಾಶ ನೋಡುತ್ತಿತ್ತು.
ಆರು ಆರೇ.

ನನಗೇನು, ಒಂದು ಸುತ್ತು ಒರೆಸಿ ಒಂದು ಸುತ್ತು ಬಳಿದರೆ ಆಯಿತು.
ಮೈದಾನದಲ್ಲಿ ಕೇಳೋರು ಯಾರು?
ಬ್ರಷ್ಷು ಅದ್ದಿಯೂ ಇದ್ದೆ.
ಅವರು ನನ್ನ ಮುಂಗೈ ಹಿಡಿದರು,
ನಾಡಿ ನೋಡುವವರ ಹಿಡಿತ.
“ಬೇಡ.
ಅಣ್ಣ ಹೋದದ್ದು ಗಡಿಯಲ್ಲಲ್ಲ, ರಜೆಗೆ ಬಂದಾಗ, ಕಾಮಾಲೆಗೆ,
ನನ್ನ ವಾರ್ಡಲ್ಲೇ, ಹನ್ನೊಂದನೇ ಮಂಚ.
ಒಬ್ಬರ ಚೀಟಿ ಇನ್ನೊಬ್ಬರ ಮಂಚಕ್ಕೆ
ನಾನು ಯಾವತ್ತೂ ಕಟ್ಟಲಿಲ್ಲ.
ಈ ಆರನ್ನೂ ಯಾರೋ ಓಡಿಸಿರ್ತಾರೆ,
ಯಾರದೋ ಮನೆ ಟ್ರಂಕಿನಲ್ಲಿ
ಇದರ ಪಕ್ಕ ಒಂದು ಮೊಣಕಾಲು ಇರುತ್ತೆ.”

ಇದ್ದ ಹಾಗೇ ಬರೆದೆ,
ಜಾರಿದ ಎರಡನ್ನು ಜಾರಿದ ಹಾಗೇ.

ಮೋಟಾರು ಇನ್‌ಸ್ಪೆಕ್ಟರ್ ಪಾಲಾಕ್ಷಪ್ಪ ಸುತ್ತು ಹಾಕಿ ನೋಡಿ,
“ರಸ್ತೆ ಮೇಲೆ ಇದರ ಹೆಸರು ಒಂದೇ, ಕೆಎ ಹದಿನೇಳು.
ಆ ಬಾಣ ಮುಚ್ಕೊಂಡು ಬನ್ನಿ,
ಮೈದಾನಕ್ಕೆ ಬಂದ ಮೇಲೆ ಬಿಚ್ಚಿ” ಅಂದರು.
ಮುಚ್ಚಲಿಕ್ಕೆ ಕೊಟ್ರಮ್ಮ ತಂದದ್ದು ಗಾಜ್‌ಬಟ್ಟೆ.
ಪಿ.ಬಿ. ರಸ್ತೆಯುದ್ದಕ್ಕೂ ಜೋಂಗಾ
ಬ್ಯಾಂಡೇಜು ಕಟ್ಟಿಕೊಂಡೇ ಕೆಮ್ಮುತ್ತ ಹೋಯಿತು.

ಬಿಚ್ಚಿದ ಮೇಲೆ ಹುಡುಗರು ಮುತ್ತಿದರು,
ಬಂಪರಿಗೆ ಕಾಲು ಕೊಟ್ಟು ಫೋಟೋ, ಮತ್ತೊಂದು ಫೋಟೋ.
ಕೊಟ್ರಮ್ಮ ಅಲ್ಲಿರಲಿಲ್ಲ.
ಸಾಲಿನ ಆ ತುದಿಯಲ್ಲಿದ್ದರು,
ಒಂದೊಂದು ಗಾಡಿಯ ಮುಂದೂ ಬಗ್ಗಿ,
ತುಟಿಯಾಡಿಸುತ್ತ ಓದುತ್ತ,
ಕೊನೆಯ ಅಂಕಿಗೆ ಬಂದಾಗ
ಒಂದು ಉಸಿರು ನಿಂತು,
ಮುಂದಿನದಕ್ಕೆ.