ಅರ್ಧ ಗಂಟೆ ಹಿಂದಿನ ಊರು

ಬ್ರೋಕನ್ ಹಿಲ್ಲಿನ ಗಡಿಯಾರ
ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ.
ರಾಜ್ಯ ಒಂದೇ, ಸರಕಾರ ಒಂದೇ, ಹೊತ್ತು ಬೇರೆ.
ಅಲ್ಲಿ ಒಂಬತ್ತಕ್ಕೆ ಶುರುವಾಗುವ ಪಾಠಕ್ಕೆ
ಇಲ್ಲಿ ಎಂಟೂವರೆಗೇ ಲೈಬ್ರರಿಯ ಹಿಂಬಾಗಿಲು ತೆಗೆದು
ಕೀಲಿಮಣೆಯ ಕೆಂಧೂಳನ್ನು ಉಫ್ ಎಂದು ಊದಿ
ಕೂತು ಕಾಯುತ್ತೇವೆ ನಾಲ್ವರು:

ಮೂವತ್ತೊಂದು ವರ್ಷ ಕ್ಯಾಟಲಾಗು ಬರೆದ ಲೊವೀನಾ ಟ್ರೆವಾರ್ತ,
ಗಣಿ ಬಿಟ್ಟು ಲೈಬ್ರರಿ ವ್ಯಾನಿನ ಸ್ಟೇರಿಂಗು ಹಿಡಿದ ಜ್ಲಾಟ್ಕೊ,
ಮಕ್ಕಳ ಕೋಣೆಯ ಕೆರಿನ್,
ವಾರಕ್ಕೆ ಹದಿನೆಂಟು ತಾಸು ಪುಸ್ತಕ ಜೋಡಿಸುವ ನಾನು.

ಪರದೆಯಲ್ಲಿ ಸಿಡ್ನಿಯ ಹುಡುಗಿ. ಧ್ವನಿ ಮೊದಲು ಬರುತ್ತದೆ,
ತುಟಿ ಆಮೇಲೆ ಅಲ್ಲಾಡುತ್ತದೆ.
"ಎಲ್ಲರೂ ಒಂದೊಂದು ಪಾಸ್‌ವರ್ಡ್ ಮಾಡಿಕೊಳ್ಳಿ,
ಎಲ್ಲೂ ಬರೆದಿಡಬೇಡಿ."
ಲೊವೀನಾ ಡ್ರಾವರು ಎಳೆದು
ಬೇಡವಾದ ಹಳೆಯ ಕಾರ್ಡೊಂದನ್ನು ಮಗುಚಿ
ಹಿಂಬದಿಗೆ ಬರೆದಿಟ್ಟಳು, ದುಂಡಗೆ.
ಮುಂಬದಿಯಲ್ಲಿ ಇನ್ನೂ ಇತ್ತು ಅವಳದೇ ಅಕ್ಷರ:
ಕುರಿ ಸಾಕಣೆ, ರೋಗಗಳು. ಪುಟ ೨೧೪. ಒಂದು ಪ್ರತಿ ಕಳೆದಿದೆ.

ಜ್ಲಾಟ್ಕೊನ ಬೆರಳು
ಎರಡು ಕೀಲಿಗಳನ್ನು ಒಟ್ಟಿಗೇ ಒತ್ತುತ್ತದೆ.
"ಎಂಟುನೂರು ಮೀಟರು ಕೆಳಗೆ, ಕತ್ತಲಲ್ಲಿ
ಡ್ರಿಲ್ಲು ಹಿಡಿದಾಗಲೂ ಇಷ್ಟು ಬೆವರಿರಲಿಲ್ಲ"
ಎನ್ನುತ್ತಾನೆ, ಬೆವರು ಒರೆಸದೆ.
ಕೆರಿನ್ ಎಲ್ಲರಿಗಿಂತ ಮೊದಲೇ ಕ್ಲಿಕ್ಕಿಸಿ
ಎಲ್ಲಿಗೋ ಹೋಗಿ, ಮರಳುವ ದಾರಿ ಸಿಗದೆ
ಸುಮ್ಮನೆ ಚಹಾ ಕುಡಿಯುತ್ತಾಳೆ.

ನಾಲ್ಕನೆಯ ವಾರ ಟ್ಯಾಗಿನ ಪಾಠ.
ಓದುವವರೇ ಪುಸ್ತಕಕ್ಕೆ ತಮಗೆ ತೋಚಿದ ಮಾತು ಅಂಟಿಸಬಹುದಂತೆ.
ಲೊವೀನಾಳ ಕನ್ನಡಕ ಮೂಗಿನ ತುದಿಗೆ ಇಳಿಯಿತು.
"ತೋಚಿದ್ದು? ಯಾರಿಗೆ?"
"ಯಾರಿಗಾದರೂ."
"ಕಾಗುಣಿತ ತಪ್ಪಿದರೆ?"
"ತಪ್ಪಲಿ."
ಏರ್‌ಕೂಲರಿನ ನೀರು ತೊಟ್ಟಿಕ್ಕುವುದು ಕೇಳಿಸಿತು.

ನನಗೇನೋ ಹೊಸದೆನಿಸಲಿಲ್ಲ.
ಗದಗಿನ ನಮ್ಮ ಓಣಿಯಲ್ಲಿ
ಒಂದು ಮನೆ ಮೆಣಸಿನಕಾಯಿ, ಒಂದು ಮನೆ ಹುಣಸಿಮರದ,
ಮೂಲೆಯದು ತುಪ್ಪದ. ನಾವು ಉಳ್ಳಾಗಡ್ಡಿ.
ಯಾವ ಮುತ್ತಜ್ಜ ಎಷ್ಟು ಚೀಲ ಮಾರಿದನೋ, ಕದ್ದನೋ,
ಯಾರ ನಾಲಿಗೆಗೆ ತೋಚಿತೋ,
ಬಂದು ಶಾಲೆಯ ರಿಜಿಸ್ಟರಿನಲ್ಲಿ ಕೂತುಬಿಟ್ಟಿತು.
ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಜ್ಲಾಟ್ಕೊ ನಕ್ಕ.
ಲೊವೀನಾ ನಗಲಿಲ್ಲ:
"ಹಾಗಾದರೆ ನಿನ್ನನ್ನು ಯಾವ ಅಕ್ಷರದ ಕೆಳಗೆ ಹುಡುಕುವುದು?"

ಆರನೆಯ ವಾರ ಹಳೆಯ ಫೋಟೋ ಒಂದನ್ನು ಮೇಲೇರಿಸಿದೆವು.
ಗಣಿಯ ಬಾಯಿ, ಒಂಬತ್ತು ಗಂಡಸರು, ಒಂದು ಬಕೆಟ್ಟು.
ಕಾರ್ಡಿನಲ್ಲಿ: ಹೆಸರು ತಿಳಿದಿಲ್ಲ, ವರ್ಷ ತಿಳಿದಿಲ್ಲ.
ಎಡದಿಂದ ಮೂರನೆಯವನನ್ನು
ನಾವೆಲ್ಲ ಸಿಡುಕ ಎಂದೇ ಕರೆಯುತ್ತಿದ್ದೆವು.
ಹನ್ನೊಂದು ದಿನ ಯಾರೂ ಸುಳಿಯಲಿಲ್ಲ.
ಹನ್ನೆರಡನೆಯ ಬೆಳಿಗ್ಗೆ, ಯಾವ ದೇಶದವರೋ,
ಫೋಟೋದ ಕೆಳಗೆ ಅಂಟಿಸಿ ಹೋಗಿದ್ದರು:

ಮೂರನೆಯವನು ಆಂತೆ.
ಸಿಟ್ಟಲ್ಲ.
ಕಣ್ಣಿಗೆ ಬಿಸಿಲು.

"ಪುರಾವೆ ಎಲ್ಲಿ?" ಎಂದಳು ಲೊವೀನಾ.
ಪುರಾವೆ ಇರಲಿಲ್ಲ.
ಅಸಲು ಫೋಟೋವನ್ನು ಕಿಟಕಿಯ ಬಳಿ ಒಯ್ದು
ಅವನ ಹುಬ್ಬಿನ ನೆರಳು ಯಾವ ಕಡೆ ಬಿದ್ದಿದೆಯೆಂದು
ಬಹಳ ಹೊತ್ತು ನೋಡಿದಳು.
ಕಾರ್ಡು ತಿದ್ದಲಿಲ್ಲ.
ಅಂಚಿಗೆ, ಪೆನ್ಸಿಲಿನಲ್ಲಿ, ಅಳಿಸಲು ಬರುವ ಹಾಗೆ: ಆಂತೆ?

ಹತ್ತಕ್ಕೆ ಮುಂಬಾಗಿಲು ತೆಗೆದರೆ
ಬ್ರೋಮೈಡ್ ಬೀದಿಯ ಅದೇ ಹೆಂಗಸು, ಅದೇ ಬುಟ್ಟಿ,
ಪ್ರತಿ ಮಂಗಳವಾರದ ಅದೇ ಪ್ರಶ್ನೆ:
"ಕೊನೆಗೆ ನಾಯಿ ಸಾಯದ ಪುಸ್ತಕ ಇದೆಯೇ?"
ಮೂವತ್ತೊಂದು ವರ್ಷದ ಯಾವ ಡ್ರಾವರಿನಲ್ಲೂ
ಇದಕ್ಕೊಂದು ಕಾರ್ಡು ಇರಲಿಲ್ಲ.
ಲೊವೀನಾ ಕುರಿ ರೋಗವನ್ನು ಮಗುಚಿ
ಪಾಸ್‌ವರ್ಡ್ ನೋಡಿಕೊಂಡು
ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ, ಒತ್ತಿದಳು:
ನಾಯಿ. ಬದುಕುತ್ತದೆ.

ಸಿಡ್ನಿಯಲ್ಲಿ ಆಗಲೇ ಹತ್ತೂವರೆ.
ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು.