ಸೊನ್ನೆ ಬಿಂದು ಒಂಬತ್ತು

ತುರ್ಕು ಊರಿನ ಆಸ್ಪತ್ರೆಯ ಹಿಂದೆ, ಮೂರನೆಯ ಮಹಡಿಯಲ್ಲಿ
ಗುನ್‌ವೋರ್ ಕುಲುಮೆಯ ಬಾಗಿಲು ಹಾಕುತ್ತಾಳೆ.
ಐನೂರೈವತ್ತು ಡಿಗ್ರಿ, ಆರು ಗಂಟೆ.
ಹೊರಗೆ ಔರಾ ಹೊಳೆ ಹೆಪ್ಪುಗಟ್ಟಿದೆ,
ಮಧ್ಯಾಹ್ನ ಮೂರಕ್ಕೇ ಕತ್ತಲು.

ಒಳಗೆ ಬೇಯುತ್ತಿರುವುದು ಮರಳಿನ ಮರಿಮೊಮ್ಮಗ.
ಸೋಪಿನ ಕಣ್ಣಿಗೆ ಕಾಣದ ಉರುಳೆಗಳ ಸುತ್ತ
ಗಾಜು ಗಟ್ಟಿಯಾಗಲು ಬಿಟ್ಟದ್ದು.
ಸೋಪು ಬರೀ ಅಚ್ಚು; ಅದನ್ನೀಗ ಸುಡಬೇಕು.
ಸುಟ್ಟರೆ ಉಳಿಯುವುದು ತೂತು,
ತೂತಿನ ಪಕ್ಕ ತೂತು, ಅದರ ಪಕ್ಕ ಇನ್ನೊಂದು,
ಜೇನು ಎಂದೂ ಕೂರದ ಜೇನುಹುಟ್ಟು.

ಬೆಳಿಗ್ಗೆ ತೂಗುತ್ತಾಳೆ: ಒಂದು ಗ್ರಾಂ.
ಸೀನಿದರೆ ಹಾರಿಹೋಗುವ ಬಿಳಿ ಹಿಟ್ಟು.
ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ
ಐಸ್ ಹಾಕಿಯ ಅರ್ಧ ಅಂಗಳ ಮುಚ್ಚುತ್ತದೆ.
ಹೊಸದಾಗಿ ಬಂದ ಹುಡುಗ ಎಸ್ಕಿಲ್ ನಂಬುವುದಿಲ್ಲ.
"ನಾನೂ ನಂಬಿರಲಿಲ್ಲ," ಎನ್ನುತ್ತಾಳೆ, "ತೂಗುತ್ತಾ ಹೋದೆ."

ತೂತಿಗೆ ಮದ್ದು ತುಂಬುತ್ತಾರೆ, ಕೆಂಪು ಮದ್ದು.
ಬಾಯಿಗೆ ಬಾಗಿಲು. ಬಾಗಿಲಿಗೆ ಒಂದೇ ಕೀಲಿ, ಹುಳಿ:
ಗಡ್ಡೆ ಇದ್ದಲ್ಲಿ ಮೈ ತುಸು ಹುಳಿಯುತ್ತದೆ.
ಅಲ್ಲಿ ತೆರೆ, ಬೇರೆಲ್ಲೂ ತೆರೆಯಬೇಡ,
ದಾರಿಯಲ್ಲಿ ಯಾರ ಜೊತೆಗೂ ಮಾತಾಡಬೇಡ,
ಎಂದು ಕಳಿಸುತ್ತಾರೆ,
ಮಗುವಿನ ಮುಷ್ಟಿಗೆ ಚಿಲ್ಲರೆ ಕೊಟ್ಟು ಅಂಗಡಿಗೆ ಕಳಿಸಿದ ಹಾಗೆ.

ಗುನ್‌ವೋರ್‌ಗೆ ಆ ಕೆಂಪು ಗೊತ್ತು.
ಹನ್ನೊಂದು ವರ್ಷದ ಹಿಂದೆ ಅವಳ ಮೈಯೆಲ್ಲ ತಿರುಗಿತ್ತು,
ವಿಳಾಸವಿಲ್ಲದೆ, ಸಿಕ್ಕ ಸಿಕ್ಕ ಕದ ತಟ್ಟುತ್ತಾ.
ಹುಬ್ಬನ್ನೂ ಬಿಡಲಿಲ್ಲ.
ಬದುಕಿಸಿತು, ಅದೂ ನಿಜ.
ಮೆಟ್ಟಿಲೇರುವಾಗ ಮಾತ್ರ ಈಗಲೂ
ಎರಡನೆಯ ಮಹಡಿಯಲ್ಲಿ ನಿಲ್ಲುತ್ತಾಳೆ,
ಕಿಟಕಿಯಾಚೆ ಏನನ್ನೋ ನೋಡುವವಳ ಹಾಗೆ.

ಇಲಿಗಳ ಲೆಕ್ಕ ಗುರುವಾರ ಬಂತು.
ಗಡ್ಡೆ ಮುಟ್ಟಿದ್ದು ನೂರರಲ್ಲಿ ಒಂದೂ ಅಲ್ಲ,
ಸೊನ್ನೆ ಬಿಂದು ಒಂಬತ್ತು.
ಉಳಿದದ್ದು ಹೆಚ್ಚಾಗಿ ಯಕೃತ್ತಿನಲ್ಲಿ, ಒಂದಿಷ್ಟು ಗುಲ್ಮದಲ್ಲಿ.
ಸುಂಕದವನ ಮುಂದೆ ಸುಖದುಃಖ ಹೇಳಿ ಏನು?
ಯಕೃತ್ತಿಗೆ ಓದು ಬರಹ ಬಾರದು.
ಗುರುತಿಲ್ಲದವರನ್ನು ಹಿಡಿದು ಕೂರಿಸುವುದೇ
ಅದರ ತಲೆತಲಾಂತರದ ಕಸುಬು.
ಅದೂ ಕಾಯುತ್ತಿರುವುದು ಇದೇ ಮೈಯನ್ನಲ್ಲವೇ.

"ಒಂದು ಅಂತ ಬರೆಯಲೇ?" ಎಸ್ಕಿಲ್ ಕೇಳುತ್ತಾನೆ,
"ಅಥವಾ ಸೊನ್ನೆ ಅಂತಲೇ?"
ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು
ಬಿಂದುವನ್ನು ಒತ್ತಿ ಇಡುತ್ತಾಳೆ,
ಹಾಳೆಯ ಆಚೆ ಬದಿಗೂ ಮೂಡುವಷ್ಟು.

ಆಮೇಲೆ ಕಾಫಿ. ಆಮೇಲೆ ತೊಳೆದ ಬೀಕರು.
ನೀರಿಗೆ ಸೋಪು ಸುರಿದು ಕದಡುತ್ತಾಳೆ,
ನೊರೆ ಏಳದ ಹಾಗೆ, ಮೆಲ್ಲಗೆ.